ಹಿಂಸಾನಿವಾರಣೆಯೂ ರಾಜ್ಯದ ಬೊಕ್ಕಸವೂ



ಈ ಬಿ.ಜಿ. ಕೆರೆಯಿರುವ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ, ಬ್ರಹ್ಮಗಿರಿಯ ಬಂಡೆಯ ಮೇಲೆ, ಪ್ರಾಣಿಗಳಲ್ಲಿ ದಯೆಯಿರಲಿ, ತಾಯಿತಂದೆಗಳ ಮಾತು ನಡೆಯಲಿ ಎಂದು ಬರೆಯಿಸಿದ ಅಶೋಕ ಚಕ್ರವರ್ತಿಯು, ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಕಳಿಂಗದಿಂದ ಸೆರೆಯೊಯ್ದವರು ಒಂದೂವರೆ ಲಕ್ಷ, ಹತರಾದವರು ಒಂದು ಲಕ್ಷ ಎಂದು ತಾನು ಗೈದ ಹಿಂಸೆಯ ಲೆಕ್ಕವನ್ನು ಮೊದಲು ಒಪ್ಪಿಸಿ, ಅನಂತರವೇ ಧರ್ಮವಿಜಯದ ಮಾತನ್ನೆತ್ತಿದ್ದಾನೆ. ರಾಜನೀತಿಗೆ ಈ ಕ್ರಮವೇ ಉಚಿತವೆಂದು ನನ್ನ ದೃಢವಾದ ನಂಬಿಕೆ.

ನಮ್ಮಲ್ಲಾದರೋ ಲೆಕ್ಕವು ಶಾಸನದ ಹಿಂದೆ ಬಂದಿತು. ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಸಮರ್ಪಿಸುವುದನ್ನು ನಿಷೇಧಿಸುವ ಶಾಸನವನ್ನು ನಮ್ಮ ರಾಜ್ಯವು 1982ರಲ್ಲಿ ರಚಿಸಿತು. ಆದರೆ ಹೀಗೆ ಸಮರ್ಪಿತರಾಗಿ ಮುತ್ತು ಕಟ್ಟಿಸಿಕೊಂಡವರು ಎಷ್ಟು ಮಂದಿ, ಯಾವ ಊರುಗಳವರು ಎಂಬುದನ್ನು ವಿಚಾರಿಸಿ ಬರೆದುಕೊಳ್ಳುವ ಸಮೀಕ್ಷೆ ನಡೆದದ್ದು 1993–94ರಲ್ಲಿ, ಮತ್ತೊಮ್ಮೆ 2007–08ರಲ್ಲಿ. ಮೊದಲ ಬಾರಿ ಗುರುತಿಸಲ್ಪಟ್ಟವರು 22,873. ಎರಡೂ ಸೇರಿ 46,660. ನಮ್ಮ ಚಿತ್ರದುರ್ಗವೂ ಇವರು ಗುರುತಿಸಲ್ಪಟ್ಟ ಜಿಲ್ಲೆಗಳಲ್ಲೊಂದು. ಮಾಸಾಶನವೂ ಪುನರ್ವಸತಿಯೂ ಈ ಪಟ್ಟಿಯನ್ನೇ ಆಧರಿಸಿದುವು. ಪಟ್ಟಿಯಲ್ಲಿ ಹೆಸರು ಸೇರದ ತಾಯಿಯು, ಅದೇ ಸಂಕಟವನ್ನುಂಡವಳಾದರೂ, ಕಚೇರಿಯ ಬಾಗಿಲಿನಿಂದ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಸಮೀಕ್ಷೆಗೆ ಕಾಲಕಾಲಕ್ಕೆ ಹಣವಿಡದ ಅಲಕ್ಷ್ಯವು ಹೀಗೆ ಒಂದು ಜೀವದ ಅನ್ನಕ್ಕೇ ಮುಟ್ಟುತ್ತದೆ.

ಇನ್ನು ಮನೆಯೊಳಗಣ ಹಿಂಸೆಯ ವಿಚಾರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಪೆಟ್ಟು ಅಥವಾ ಬಲಾತ್ಕಾರವನ್ನು ಅನುಭವಿಸಿದ್ದೇವೆಂದು ಹೇಳಿದ ಕರ್ನಾಟಕದ ಹೆಂಗಸರ ಪ್ರಮಾಣವು 2015–16ರಲ್ಲಿ ಶೇಕಡ 20.6 ಇದ್ದುದು, 2019–20ರಲ್ಲಿ ಶೇಕಡ 44.4ಕ್ಕೆ ಏರಿತು. ಹಿಂಸೆಯೇ ಇಮ್ಮಡಿಸಿತೋ, ಮುಚ್ಚಿಟ್ಟ ನೋವನ್ನು ಹೇಳುವ ಧೈರ್ಯವು ಹೆಚ್ಚಿತೋ, ಪ್ರಶ್ನಿಸಿದ ರೀತಿಯಲ್ಲಿಯೇ ಭೇದವಿದ್ದಿತೋ? ಮೊದಲನೆಯದಾದರೆ ಕುಡಿತ, ಸಾಲ, ಎಳೆಯ ವಯಸ್ಸಿನ ಮದುವೆಗಳ ಮೂಲವನ್ನು ಶೋಧಿಸಬೇಕು. ಎರಡನೆಯದಾದರೆ ಹೇಳಿಕೊಂಡವಳಿಗೆ ಆಸರೆಯನ್ನು ಊರಲ್ಲಿಯೇ ಕಟ್ಟಬೇಕು. ಮೂರನೆಯದಾದರೆ ಪ್ರಶ್ನಿಸುವ ರೀತಿಯನ್ನೇ ತಿದ್ದಬೇಕು. ಕಾರಣವನ್ನರಿಯದೆ ಯೋಜನೆಯನ್ನು ಹೂಡುವುದು ರೋಗವನ್ನು ಪರೀಕ್ಷಿಸದೆ ಔಷಧವನ್ನು ಕುಡಿಸಿದಂತೆ. 2013ರಲ್ಲಿ ಕೇಂದ್ರವು ಹೆಂಗಸರ ಸುರಕ್ಷತೆಗೆಂದು 1,000 ಕೋಟಿ ರೂಪಾಯಿಗಳ ನಿರ್ಭಯಾ ನಿಧಿಯನ್ನು ಸ್ಥಾಪಿಸಿತು. ಬೆಂಗಳೂರಿನ ಬೀದಿಗಳಲ್ಲಿ ಅದರಿಂದ ಕ್ಯಾಮೆರಾಗಳೂ ಬಂದುವು. ಬೀದಿಗೆ ಅವು ಬೇಕು, ಅಲ್ಲವೆನ್ನೆನು. ಅಡಿಗೆಮನೆಯ ಹೊಡೆತವನ್ನು ಅವು ಕಾಣಲಾರವು.

ಸಂಶೋಧನೆಯ ಹಣವನ್ನು ತಡೆದರೆ ಏನಾಗುವುದೆಂಬುದಕ್ಕೆ ಅಮೆರಿಕವೇ ಸಾಕ್ಷಿ. ಬಂದೂಕಿನ ಸಾವುಗಳನ್ನು ಅಧ್ಯಯನ ಮಾಡುತ್ತಿದ್ದ ರೋಗನಿಯಂತ್ರಣ ಕೇಂದ್ರದಿಂದ ಆ ಕಾರ್ಯದ 26 ಲಕ್ಷ ಡಾಲರುಗಳನ್ನು ಅಲ್ಲಿನ ಸಂಸತ್ತು 1996ರಲ್ಲಿ ಕಿತ್ತುಕೊಂಡಿತು. ಮರಳಿ ಪ್ರತ್ಯೇಕ ಹಣವಿಟ್ಟದ್ದು 2019ರ ಕೊನೆಯಲ್ಲಿ. ಆ ನಿರ್ಬಂಧದ ಕರ್ತೃವಾದ ಜೇ ಡಿಕಿಯವರೇ 2012ರಲ್ಲಿ, ಒಂದು ಕಾಲಕ್ಕೆ ತಮಗೆ ಪ್ರತಿಪಕ್ಷಿಯಾಗಿದ್ದ ವೈದ್ಯ ಮಾರ್ಕ್ ರೋಸೆನ್‌ಬರ್ಗರೊಡಗೂಡಿ, ಇಂಥ ಸಂಶೋಧನೆ ನಡೆಯಲೇಬೇಕೆಂದು ಪತ್ರಿಕೆಯಲ್ಲಿ ಬರೆದರು.

ಆದುದರಿಂದ ನನ್ನ ಬಿನ್ನಹವಿಷ್ಟು: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಆಯವ್ಯಯದಲ್ಲಿ ಒಂದು ಪಾಲನ್ನು ಹಿಂಸಾನಿವಾರಣೆಯ ಅಧ್ಯಯನಕ್ಕೆಂದೇ ಮೀಸಲಿಡಬೇಕು, ನಿಮ್ಹಾನ್ಸ್ ಮತ್ತು ದಾವಣಗೆರೆ ವಿಶ್ವವಿದ್ಯಾನಿಲಯದಂಥ ಸಂಸ್ಥೆಗಳು ಮೊಳಕಾಲ್ಮೂರು, ಚಳ್ಳಕೆರೆಗಳ ಹಟ್ಟಿಗಳಿಗೆ ಬಂದು ವರ್ಷಾನುವರ್ಷ ವಿಚಾರಿಸಬೇಕು, ಹೇಳಿದವಳ ಹೆಸರು ಹೊರಬೀಳದಂತೆ ಕಾಪಾಡಬೇಕು, ಕಂಡ ಸಂಗತಿಗಳನ್ನು ವಿಧಾನಸೌಧಕ್ಕೆ ಒಪ್ಪಿಸುವಂತೆಯೇ ನಮ್ಮ ಮಹಿಳಾ ಗ್ರಾಮಸಭೆಯಲ್ಲಿಯೂ ಕನ್ನಡದಲ್ಲಿ ಓದಿ ಹೇಳಬೇಕು.