ಡಾಕ್ಟರ್ ಕೇಳಿದ ಆ ಒಂದು ಪ್ರಶ್ನೆ: ಗಾಯದ ನಂತರ ಮತ್ತೆ ಬೆಟ್ಟದ ಓಟ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. "ಅಕ್ಕಾ, ಓಟದ ಎಪಿಸೋಡ್ ಯಾಕೆ ನಿಲ್ಲಿಸಿದ್ರಿ?" ಅಂತ ಒಂಬತ್ತು ತಿಂಗಳಿಂದ ಕೇಳ್ತಾನೇ ಇದ್ದೀರಿ. ಇವತ್ತು ಹೇಳ್ತೀನಿ. ಸ್ವಲ್ಪ ಮುಜುಗರದ ವಿಷಯ, ಆದ್ರೆ ಹೇಳಲೇಬೇಕು.

ಹೋದ ವರ್ಷ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ 50 ಕಿಲೋಮೀಟರ್ ಓಡೋಕೆ ತಯಾರಿ ನಡೆಸಿದ್ದೆ. ಮ್ಯಾರಥಾನ್ ಅಂದ್ರೆ 42.195 ಕಿ.ಮೀ.; ಅದಕ್ಕಿಂತ ಉದ್ದದ್ದೆಲ್ಲ ಅಲ್ಟ್ರಾ. ನಾನಿರೋದು ಮೈಸೂರಲ್ಲಿ. ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿಯೋದು, ಭಾನುವಾರ ಲಾಂಗ್ ರನ್. ಇದರ ಜೊತೆಗೆ ಒಂದು ಹುಚ್ಚು: ತೂಕ ಇಳಿದ್ರೆ ಏರು ಹತ್ತೋದು ಸುಲಭ ಅಂತ ರಾತ್ರಿ ಊಟ ಬಿಟ್ಟಿದ್ದೆ. ಬೆಳಿಗ್ಗೆ ಬರೀ ಬ್ಲ್ಯಾಕ್ ಕಾಫಿ ಕುಡಿದು 20 ಕಿ.ಮೀ. ಓಡ್ತಿದ್ದೆ. "ಗಾಳಿ ಕುಡ್ಕೊಂಡು ಓಡ್ತೀಯೇನೇ?" ಅಂತ ಅಮ್ಮ ಬೈತಿದ್ರು. ವಾಚಲ್ಲಿ ಟೈಮಿಂಗ್ ಸುಧಾರಿಸ್ತಾ ಇತ್ತು. ಅಮ್ಮನ ಮಾತು ಯಾರು ಕೇಳ್ತಾರೆ?

ಓಟಕ್ಕೆ ಐದು ವಾರ ಇದ್ದಾಗ ಎಡಗಾಲಿನ ಮುಂಭಾಗದ ಮೂಳೆ ಮೇಲೆ, ಒಂದು ಬೆರಳು ಇಟ್ಟಷ್ಟೇ ಜಾಗದಲ್ಲಿ ನೋವು ಶುರುವಾಯ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸರಿ ಅಂತ ಇನ್ನೂ ಎರಡು ವಾರ ಓಡಿದೆ. ಒಂದು ದಿನ ನಂದಿ ದಾಟಿ ಕೆಳಗೆ ಇಳೀತಾ ಇದ್ದಾಗ ಕಾಲು ಊರೋಕೇ ಆಗಲಿಲ್ಲ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ತಾ ಹತ್ತುತ್ತಿದ್ದ ಒಬ್ಬರು ಅಜ್ಜಿ ನನ್ನ ಕೈ ಹಿಡಿದು ಕೂರಿಸಿದ್ರು. ಎಂಆರ್‌ಐ ಮಾಡಿಸಿದ್ಮೇಲೆ ಗೊತ್ತಾಯ್ತು, ಸ್ಟ್ರೆಸ್ ಫ್ರ್ಯಾಕ್ಚರ್. ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು. ಇಂಥ ಬಿರುಕು ಶುರುವಿನಲ್ಲಿ ಎಕ್ಸ್‌ರೇಗೆ ಸಿಗದೇ ಇರೋದು ಮಾಮೂಲಿಯಂತೆ.

ಡಾಕ್ಟರ್ ನನ್ನ ಶೂ ಬಗ್ಗೆ ಕೇಳ್ತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು, "ಕೊನೇ ಸಲ ಪೀರಿಯಡ್ಸ್ ಯಾವಾಗ ಆಗಿತ್ತು?"

ಏಳು ತಿಂಗಳಾಗಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ನಿಜ ಹೇಳ್ಬೇಕು ಅಂದ್ರೆ, ಖುಷಿಯಾಗಿದ್ದೆ. ಪ್ಯಾಡ್ ಚಿಂತೆ ಇಲ್ಲ, ಹೊಟ್ಟೆನೋವಿಲ್ಲ, ಆರಾಮಾಗಿ ಓಡಬಹುದು ಅಂತ.

ನಾನು ಬಿ.ಕಾಂ ಓದಿದವಳು. ಡಾಕ್ಟರ್ ವಿವರಿಸಿದ್ದು ನನಗೆ ಬ್ಯಾಲೆನ್ಸ್ ಶೀಟ್ ಥರಾನೇ ಅರ್ಥ ಆಯ್ತು. ತಿಂದ ಶಕ್ತಿಯಲ್ಲಿ ಓಟದ ಖರ್ಚು ಕಳೆದು ಉಳಿದಿದ್ದರಲ್ಲಿ ಇಡೀ ದೇಹದ ಸಂಸಾರ ನಡೀಬೇಕು. ಉಳಿಕೆ ಕಮ್ಮಿಯಾದ್ರೆ ದೇಹ ಖರ್ಚು ಕಡಿತ ಮಾಡುತ್ತೆ. ಹೃದಯ, ಮೆದುಳು ನಿಲ್ಲಿಸೋಕಾಗಲ್ಲ. ಮುಟ್ಟು ನಿಲ್ಲುತ್ತೆ. ಈಸ್ಟ್ರೋಜನ್ ಇಳಿಯುತ್ತೆ. ಮೂಳೆಯಲ್ಲಿ ಹಳೇದನ್ನ ಕೆಡವೋ ಕೆಲಸ, ಹೊಸದನ್ನ ಕಟ್ಟೋ ಕೆಲಸ ಯಾವಾಗಲೂ ನಡೀತಿರುತ್ತೆ. ಈಸ್ಟ್ರೋಜನ್ ಕಮ್ಮಿಯಾದ್ರೆ ಕೆಡವೋದೇ ಮುಂದೆ ಹೋಗುತ್ತೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ 'ರೆಡ್-ಎಸ್' ಅಂತ ಹೆಸರಿಟ್ಟಿತು. ಹುಡುಗರೇ, ನೀವೂ ಕೇಳಿಸ್ಕೊಳ್ಳಿ: ಗಂಡಸರಿಗೂ ಬರುತ್ತೆ, ಟೆಸ್ಟೋಸ್ಟಿರಾನ್ ಇಳಿಯುತ್ತೆ. ಎಲ್ಲ ಸ್ಟ್ರೆಸ್ ಫ್ರ್ಯಾಕ್ಚರ್‌ಗೂ ಊಟಾನೇ ಕಾರಣ ಅಲ್ಲ. ದೂರವನ್ನ ಏಕಾಏಕಿ ಏರಿಸಿದ್ರೂ ಆಗುತ್ತೆ. ನಾನು ಎರಡೂ ತಪ್ಪು ಮಾಡಿದ್ದೆ.

ಆರನೇ ವಾರಕ್ಕೆ ನೋವು ಹೋಯ್ತು. ಶೂ ಹಾಕ್ಕೊಂಡು ಗೇಟ್ ತನಕ ಹೋಗಿದ್ದೆ. ಆದ್ರೆ ಡಾಕ್ಟರ್ ಷರತ್ತು ಹಾಕಿದ್ರು: ಮೊದಲು ಊಟ ಸರಿಯಾಗಲಿ, ಮುಟ್ಟು ವಾಪಸ್ ಬರಲಿ, ಆಮೇಲೆ ಬೆಟ್ಟ. ಹಾಗಾಗಿ ನಾನು ಮೊದಲು ಮಾಡಿದ ಟ್ರೇನಿಂಗ್ ಅಂದ್ರೆ ತಿನ್ನೋದು. ರಾತ್ರಿ ಅಮ್ಮ ಬಡಿಸಿದ ಎರಡನೇ ಮುದ್ದೆ ಮುಂದೆ ಕೂತು ಅತ್ತಿದ್ದೀನಿ. ದಪ್ಪ ಆಗ್ತೀನಿ, ಎಲ್ಲಾ ಮುಗೀತು ಅನ್ನೋ ಭಯ. ಅಮ್ಮ ಏನೂ ಹೇಳಲಿಲ್ಲ. ಇನ್ನೊಂದು ಸೌಟು ಸಾರು ಹಾಕಿದ್ರು, ಅಷ್ಟೇ.

ನಾಲ್ಕನೇ ತಿಂಗಳಲ್ಲಿ ಪೀರಿಯಡ್ಸ್ ಬಂತು. ಸ್ನಾನದ ಮನೆಯಿಂದಾನೇ "ಅಮ್ಮಾ!" ಅಂತ ಕೂಗಿದೆ. ಯಾವ ಮೆಡಲ್ ಸಿಕ್ಕಾಗಲೂ ಹಾಗೆ ಕೂಗಿರಲಿಲ್ಲ.

ಆಮೇಲೆ ಕುಕ್ಕರಹಳ್ಳಿ ಕೆರೆ ಮಣ್ಣು ದಾರಿ. ಮೊದಲು ಅರ್ಧ ಗಂಟೆ ನೋವಿಲ್ಲದೆ ನಡಿಗೆ. ನಂತರ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಅದೂ ದಿನ ಬಿಟ್ಟು ದಿನ. ವಾಕಿಂಗ್ ಬಂದ ತಾತಂದಿರು ನನ್ನನ್ನ ದಾಟಿ ಹೋಗ್ತಿದ್ರು. ಉಸಿರು, ಹೃದಯ ಬೇಗ ಹಳೇ ಲಯಕ್ಕೆ ಬಂದ್ವು. ಮೂಳೆ ಅಷ್ಟು ಬೇಗ ಬರಲ್ಲ. ಅಲ್ಲೇ ಎಲ್ಲರೂ ಮೋಸ ಹೋಗೋದು. ಇಳಿಜಾರನ್ನ ಕೊನೆಗೆ ಇಟ್ಕೊಂಡೆ. ಇಳಿಯುವಾಗ ಕಾಲಿಗೆ ಬೀಳೋ ಪೆಟ್ಟು ಜಾಸ್ತಿ.

ಹೋದ ಭಾನುವಾರ 14 ಕಿ.ಮೀ. ಮಣ್ಣು ದಾರಿ ಓಡಿದೆ. ಜೇಬಲ್ಲಿ ಬಾಳೆಹಣ್ಣು, ಕಡಲೆ ಚಿಕ್ಕಿ. ಮೊದಲಿಗಿಂತ ನಿಧಾನ, ಮೊದಲಿಗಿಂತ ಐದು ಕೆಜಿ ಭಾರ. ಈ ವರ್ಷದ 50 ಕಿ.ಮೀ.ಗೆ ಗೆಳತಿಯರೆಲ್ಲ ಹೆಸರು ಕೊಟ್ಟಿದ್ದಾರೆ. ನಾನು ಕೊಟ್ಟಿಲ್ಲ. ಹೊಟ್ಟೆಕಿಚ್ಚಾಗುತ್ತೆ, ಸುಳ್ಳು ಹೇಳಲ್ಲ. ನೀರು ಕೊಡೋಕೆ ವಾಲಂಟಿಯರ್ ಆಗಿ ಹೋಗ್ತೀನಿ.

ಇದನ್ನ ಕೇಳ್ತಿರೋ ಯಾರಿಗಾದ್ರೂ ಓಟ ಜಾಸ್ತಿಯಾಗಿ ಮುಟ್ಟು ನಿಂತಿದ್ರೆ, ಆರಾಮಾಯ್ತು ಅಂದ್ಕೋಬೇಡಿ. ಮೂರು ತಿಂಗಳು ದಾಟಿದ್ರಂತೂ ಡಾಕ್ಟರ್ ಹತ್ರ ಹೋಗಿ. ನನ್ನ ಕಾಲು ಎಚ್ಚರಿಸಿದ್ದು ಕೊನೆಗೆ. ದೇಹ ಏಳು ತಿಂಗಳ ಹಿಂದೇನೇ ಹೇಳಿತ್ತು.

ಇವತ್ತಿಗೆ ಇಷ್ಟೇ. ಊಟ ಮಾಡಿ, ಮತ್ತೆ ಸಿಗೋಣ.