ಅರ್ಧ ದಾರಿಯಲ್ಲಿ ಹೊರೆ ಇಳಿಸಿದವನ ಲೆಕ್ಕ

ಮದುವೆಗೆ ದಿಬ್ಬಣ ಹೊರಟಿದೆ. ಒಳ್ಳೆಯ ಗಳಿಗೆ ನೋಡಿ ಹೊಸಿಲು ದಾಟುವ ಹೊತ್ತಿಗೆ, ಹೊರೆ ಹೊರುತ್ತೇನೆಂದು ಒಪ್ಪಿದ್ದ ಆಳು 'ನನ್ನಿಂದಾಗದು' ಎಂದು ಕೂತುಬಿಟ್ಟ. ಈಗ ಅವನಿಂದ ಏನು ವಸೂಲು ಮಾಡಬಹುದು? ಇದು ಸುಮಾರು ಒಂಬೈನೂರು ವರ್ಷದಷ್ಟು ಹಳೆಯ ಪ್ರಶ್ನೆ. ಇದಕ್ಕೆ ಉತ್ತರ ಬರೆದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿದ್ದ, ವಿಜ್ಞಾನೇಶ್ವರ.

ಅವನ ಮಿತಾಕ್ಷರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಅದರ ಹೆಸರೆತ್ತಿದರೆ ನಮ್ಮ ಕೋರ್ಟುಗಳಲ್ಲಿ ಅವಿಭಕ್ತ ಕುಟುಂಬದ ಆಸ್ತಿ ಪಾಲಿನ ಮಾತೇ ಬರುತ್ತದೆ. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ಸಾಲವೂ ಇದೆ, ಸಂಬಳವೂ ಇದೆ, ಕೊಂಡ ಮೇಲೆ ಮನಸ್ಸು ಬದಲಾಯಿಸಿದವನ ಪಾಡೂ ಇದೆ. ಹೊರೆಯಾಳಿನ ವಿಷಯದಲ್ಲಿ ಯಾಜ್ಞವಲ್ಕ್ಯ ಎರಡು ಬಗೆಯ ಮಾತು ಹೇಳಿದಂತೆ ಕಾಣುತ್ತದೆ. ಪ್ರಯಾಣಕ್ಕೆ ಅಡ್ಡಿ ಮಾಡಿದವನು ಕೂಲಿಯ ಎರಡರಷ್ಟು ತೆರಬೇಕು ಎನ್ನುವುದು ಒಂದು. ಹೊರಡುವಾಗ ಬಿಟ್ಟರೆ ಕೂಲಿಯ ಏಳನೆಯ ಒಂದು ಪಾಲು, ದಾರಿ ಹಿಡಿದ ಮೇಲೆ ಬಿಟ್ಟರೆ ನಾಲ್ಕನೆಯ ಒಂದು ಪಾಲು, ಅರ್ಧ ದಾರಿಯಲ್ಲಿ ಬಿಟ್ಟರೆ ಇಡೀ ಕೂಲಿ ಎನ್ನುವುದು ಇನ್ನೊಂದು. ಹಾಗಾದರೆ ಹೊರಡುವಾಗಲೇ ಕೈಕೊಟ್ಟವನು ಎರಡರಷ್ಟು ಕೊಡಬೇಕೋ, ಏಳರಲ್ಲಿ ಒಂದು ಪಾಲೋ? ವಿಜ್ಞಾನೇಶ್ವರ ಈ ವಿರೋಧವನ್ನು ತಾನೇ ಎತ್ತಿ ತಾನೇ ಬಿಡಿಸುತ್ತಾನೆ. ಬೇರೆ ಆಳನ್ನು ಹುಡುಕಿಕೊಳ್ಳಲು ಸಮಯವಿದ್ದರೆ ಏಳನೆಯ ಪಾಲು ಸಾಕು. ಲಗ್ನದ ಗಳಿಗೆಯಲ್ಲೇ ಕೈಕೊಟ್ಟರೆ ಎರಡರಷ್ಟು.

ಕರಾರು ಕಾನೂನು ಮುಂದೆ ಶತಮಾನಗಳ ಕಾಲ ಜಗ್ಗಾಡಿದ ಪ್ರಶ್ನೆಗಳು ಇಷ್ಟರಲ್ಲೇ ತಲೆಹಾಕಿವೆ. ತಾನು ಕೈಕೊಟ್ಟರೆ ಎದುರಿನವನಿಗೆ ಏನಾಗುತ್ತದೆ ಎಂಬುದು ಮಾತು ಮುರಿದವನಿಗೆ ಗೊತ್ತಿತ್ತೇ? ನೊಂದವನಿಗೆ ನಷ್ಟ ತಗ್ಗಿಸಿಕೊಳ್ಳುವ ದಾರಿ ಇತ್ತೇ? ಅಲ್ಲೇ ಇನ್ನೊಂದು ಮಾತೂ ಇದೆ: ಆಳನ್ನು ದಾರಿಯಲ್ಲಿ ಕೈಬಿಟ್ಟ ಧಣಿಯೂ ಇದೇ ಲೆಕ್ಕದಲ್ಲಿ ತೆರಬೇಕು. ಇದನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮಾರಾಟದ ಮಾತು ಪಕ್ಕಾ ಮಾಡಲು ಆಗ ಉಂಗುರದಂಥ ಒಡವೆಯನ್ನು ಎದುರಿನವನ ಕೈಗೆ ಕೊಡುತ್ತಿದ್ದರು. ಕೊಟ್ಟವನು ಮಾತು ತಪ್ಪಿದರೆ ಅದು ಹೋಯಿತು. ಪಡೆದವನು ತಪ್ಪಿದರೆ ಅದರ ಎರಡರಷ್ಟು ಹಿಂದಿರುಗಿಸಬೇಕು. ಉತ್ತರ ಕರ್ನಾಟಕದಲ್ಲಿ ಜಮೀನಿನ ವ್ಯವಹಾರಕ್ಕೆ ಇಂದೂ ಸಂಚಕಾರ ಪತ್ರ ಬರೆಯುತ್ತಾರಲ್ಲ, ಅದರ ಹಿರಿಯ ಈ ಉಂಗುರ. ಹಾಗೆಂದು ಹಳೆಯ ಕಾಲವೇ ಸುಖವಾಗಿತ್ತು ಎಂದುಕೊಳ್ಳಬೇಡಿ. ಇದೇ ವ್ಯವಹಾರಾಧ್ಯಾಯದಲ್ಲಿ ದಾಸರ ಬಗೆಗಳನ್ನು ವಿಂಗಡಿಸಿ ಬರೆದಿದ್ದಾರೆ. ದಾಸನಿಗೆ ಮುರಿಯಲು ಕರಾರೇ ಇರಲಿಲ್ಲ.

ಈಗ ಇಂಗ್ಲೆಂಡಿಗೆ ಹೋಗೋಣ, ಏಕೆಂದರೆ ನಾವು ಇಂದು ಕೋರ್ಟಿಗೆ ಹೊತ್ತೊಯ್ಯುವ ಕಾನೂನು ಬಂದದ್ದು ಅಲ್ಲಿಂದ. ಗ್ಲಾಸ್ಟರ್ ಊರಿನಲ್ಲಿ ಹ್ಯಾಡ್ಲಿ ಎಂಬವರ ಹಿಟ್ಟಿನ ಗಿರಣಿಯ ಉಗಿಯಂತ್ರದ ದಂಡ ಮುರಿಯಿತು. ಮುರಿದ ದಂಡವನ್ನು ಮಾದರಿಯಾಗಿ ಗ್ರೀನಿಚ್‌ಗೆ ಕಳಿಸಿದರೆ ಅಲ್ಲಿ ಹೊಸದನ್ನು ಮಾಡಿಕೊಡುತ್ತಾರೆ. ಸಾಗಿಸಲು ಒಪ್ಪಿದ್ದು ಪಿಕ್‌ಫರ್ಡ್ ಎಂಬ ದೊಡ್ಡ ಸಾಗಣೆ ಸಂಸ್ಥೆ; ದರ ಎರಡು ಪೌಂಡು ನಾಲ್ಕು ಶಿಲ್ಲಿಂಗು. ದಂಡ ತಲುಪಲು ಹಲವು ದಿನ ತಡವಾಯಿತು, ಅಷ್ಟು ದಿನವೂ ಗಿರಣಿ ನಿಂತಿತು. ಹೋದ ಲಾಭವನ್ನು ತುಂಬಿಕೊಡಿ ಎಂದು ಹ್ಯಾಡ್ಲಿಯವರು ದಾವೆ ಹೂಡಿದರು. ಜ್ಯೂರಿ 25 ಪೌಂಡ್ ಕೊಡಿಸಿತು. ಸಾಗಣೆಯವರು ಬಿಡಲಿಲ್ಲ. 1854ರಲ್ಲಿ ನ್ಯಾಯಾಧೀಶ ಆಲ್ಡರ್ಸನ್ ಜ್ಯೂರಿಯ ತೀರ್ಮಾನವನ್ನು ತಳ್ಳಿ, ಮತ್ತೆ ವಿಚಾರಣೆ ನಡೆಸಲು ಹೇಳಿದರು.

ಅವರ ಸೂತ್ರ ಹೀಗಿದೆ. ಕರಾರು ಮುರಿದರೆ ಸಹಜವಾಗಿ ಆಗುವ ನಷ್ಟವನ್ನು ತುಂಬಿಕೊಡಬೇಕು. ಅದಕ್ಕಿಂತ ಹೆಚ್ಚಿನ, ವಿಶೇಷ ಪರಿಸ್ಥಿತಿಯಿಂದಾದ ನಷ್ಟ ಬೇಕೆಂದರೆ, ಆ ಪರಿಸ್ಥಿತಿ ಕರಾರಾಗುವಾಗಲೇ ಇಬ್ಬರಿಗೂ ಗೊತ್ತಿರಬೇಕು. ಇನ್ನೊಂದು ದಂಡ ಇಲ್ಲದೆ ಗಿರಣಿ ನಿಂತಿದೆ ಎಂದು ಸಾಗಣೆಯವನಿಗೆ ಹೇಳಿರಲಿಲ್ಲ, ಆದ್ದರಿಂದ ಆ ಲಾಭ ಸಿಗುವುದಿಲ್ಲ. ಇಲ್ಲೊಂದು ತಮಾಷೆಯಿದೆ. ಪ್ರಕರಣದ ವರದಿಯ ಆರಂಭದ ಸಾರಾಂಶದಲ್ಲಿ, ಗಿರಣಿ ನಿಂತ ಸಂಗತಿಯನ್ನು ಗುಮಾಸ್ತನಿಗೆ ಹೇಳಿದ್ದರು ಎಂದಿದೆ. ತೀರ್ಪಿನಲ್ಲಿ ಹೇಳಿರಲಿಲ್ಲ ಎಂದಿದೆ. ಕಾನೂನು ವಿದ್ಯಾರ್ಥಿಗಳು ಇಂದಿಗೂ ಇದರ ಮೇಲೆ ಜಗಳವಾಡುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ. ಕಲ್ಯಾಣದ ಹೊರೆಯಾಳಿಗೆ ಯಜಮಾನನ ಮದುವೆಯ ಸಂಗತಿ ಕಣ್ಣೆದುರೇ ಇತ್ತು. ದಿನಕ್ಕೆ ಎಷ್ಟೋ ಪೆಟ್ಟಿಗೆ ಸಾಗಿಸುವ ಕಂಪನಿಗೆ ಯಾರ ಮನೆಯ ಸಂಗತಿಯೂ ಗೊತ್ತಿರುವುದಿಲ್ಲ. ಆ ಗೊತ್ತಿಲ್ಲದಿರುವಿಕೆಗೇ 1854ರ ತೀರ್ಪು ರಕ್ಷಣೆ ಕೊಟ್ಟಿತು. ಉದ್ಯಮ ಬೆಳೆಯಲು ಅದು ಬೇಕಿತ್ತು ಎನ್ನುವವರಿದ್ದಾರೆ. ಇರಬಹುದು. ಅದರ ವೆಚ್ಚ ಬಿದ್ದದ್ದು ಮಾತ್ರ ಗಿರಣಿಯವನ ಮೇಲೆ.

ಅದಕ್ಕೆ ಎರಡು ವರ್ಷ ಮೊದಲು, 1852ರಲ್ಲಿ, ಲಂಡನ್ನಿನಲ್ಲಿ ಇನ್ನೊಂದು ಪ್ರಕರಣ. ಜೊಹಾನಾ ವ್ಯಾಗ್ನರ್ ಹೆಸರಾಂತ ಗಾಯಕಿ, ಸಂಗೀತಕಾರ ರಿಚರ್ಡ್ ವ್ಯಾಗ್ನರ್ ಅವರ ಅಣ್ಣನ ಮಗಳು. ಲಮ್ಲಿ ಎಂಬವರ ರಂಗಮಂದಿರದಲ್ಲಿ ಮೂರು ತಿಂಗಳು, ವಾರಕ್ಕೆ ಎರಡು ದಿನ ಹಾಡುವುದಾಗಿ, ಆ ಅವಧಿಯಲ್ಲಿ ಬೇರೆಲ್ಲೂ ಹಾಡುವುದಿಲ್ಲವೆಂದು ಒಪ್ಪಿದ್ದರು. ಕೋವೆಂಟ್ ಗಾರ್ಡನ್ ಮಂದಿರದವರು ಹೆಚ್ಚು ಹಣ ತೋರಿಸಿದಾಗ ಅತ್ತ ಹೊರಟರು. ಲಾರ್ಡ್ ಚಾನ್ಸೆಲರ್ ಸೇಂಟ್ ಲಿಯೊನಾರ್ಡ್ಸ್ ಹೇಳಿದ್ದು ಇಷ್ಟು: ಹಾಡು ಎಂದು ನಾನು ಬಲವಂತ ಮಾಡಲಾರೆ, ಆದರೆ ಬೇರೆ ಕಡೆ ಹಾಡದಂತೆ ತಡೆಯಾಜ್ಞೆ ಕೊಡಬಲ್ಲೆ. ಮನುಷ್ಯನ ದುಡಿಮೆಯನ್ನು ಕೋರ್ಟು ಬಲವಂತದಿಂದ ಕೊಡಿಸಬಾರದೆಂಬ ತತ್ವಕ್ಕೆ ಇದನ್ನು ಇಂದಿಗೂ ಉದಾಹರಿಸುತ್ತಾರೆ. ಬಹಳ ಉದಾತ್ತವಾದ ತತ್ವ.

ಅದೇ ಸಾಮ್ರಾಜ್ಯ, ಅದೇ ದಶಕ. ಹ್ಯಾಡ್ಲಿ ಪ್ರಕರಣದ ವರ್ಷವಾದ 1854ರಲ್ಲೇ ಮಡಿಕೇರಿಯ ಬಳಿ ಫೌಲರ್ ಎಂಬವರು ಕೊಡಗಿನ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದರು. ತೋಟಗಳಿಗೆ ಆಳು ಬೇಕು. ಮೇಸ್ತ್ರಿಗಳು ಮೈಸೂರು ಸೀಮೆಗೂ ಘಟ್ಟದ ಕೆಳಗಿನ ದಕ್ಷಿಣ ಕನ್ನಡಕ್ಕೂ ಹೋಗಿ, ಮುಂಗಡ ಕೊಟ್ಟು, ಜನರನ್ನು ಕರೆತರುತ್ತಿದ್ದರು. ಮುಂಗಡ ತಿಂದವನು ಜ್ವರಕ್ಕೆ ಹೆದರಿಯೋ ಮನೆಯ ನೆನಪಿಗೋ ಓಡಿಹೋದರೆ? ಅದಕ್ಕೊಂದು ಕಾಯ್ದೆ ಸಿದ್ಧವಾಯಿತು: 1859ರ 13ನೇ ಕಾಯ್ದೆ, ಕೆಲಸಗಾರರ ಕರಾರು ಭಂಗದ ಕಾಯ್ದೆ. ಮೊದಲು ಕಲ್ಕತ್ತಾ, ಮದರಾಸು, ಬೊಂಬಾಯಿ ನಗರಗಳ ಕಸುಬುದಾರರಿಗೆಂದು ಮಾಡಿದ್ದು, ಬರಬರುತ್ತ ತೋಟಗಳ ಬೆಟ್ಟ ಹತ್ತಿತು. ಧಣಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಟ್ಟರೆ ಸಾಕು. ಮುಂಗಡ ವಾಪಸು ಬೇಕೋ, ಕೆಲಸ ಬೇಕೋ, ಆಯ್ಕೆ ಧಣಿಯದು. ಆಜ್ಞೆ ಪಾಲಿಸದ ಆಳಿಗೆ ಮೂರು ತಿಂಗಳವರೆಗೆ ಜೈಲು. ಗಾಯಕಿಗೆ ಇಲ್ಲದ ಬಲವಂತ ಕೂಲಿಗೆ ಇತ್ತು. ಕೂಲಿ ಕೊಡದ ಧಣಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯೇ ಇರಲಿಲ್ಲ. ನೆನಪಿಡಿ ಎಂದೆನಲ್ಲ, ಹೊರೆಯಾಳನ್ನು ಕೈಬಿಟ್ಟ ಧಣಿಯೂ ತೆರಬೇಕೆಂಬ ಮಾತು, ಅದು ಈ ಬೆಟ್ಟದ ಮೇಲೆ ಲೆಕ್ಕಕ್ಕೆ ಬರಲಿಲ್ಲ.

ಬಂಗಾಳದಲ್ಲಿ ನೀಲಿ ಬೆಳೆಯಲು ಮುಂಗಡ ಪಡೆದು ಬಿತ್ತದ ರೈತರ ಮೇಲೂ 1860ರಲ್ಲಿ ಇಂಥದೇ ಕಾಯ್ದೆ ಬಂತು, ಆರು ತಿಂಗಳ ಮಟ್ಟಿಗೆ. ಇಂಗ್ಲೆಂಡು ತನ್ನ ಕೆಲಸಗಾರರನ್ನು ಕರಾರು ಭಂಗಕ್ಕಾಗಿ ಜೈಲಿಗೆ ಕಳಿಸುವುದನ್ನು 1875ರಲ್ಲೇ ಬಿಟ್ಟಿತು. ನಮ್ಮಲ್ಲಿ 1859ರ ಕಾಯ್ದೆ ರದ್ದಾಗಲು 1926ರ ಏಪ್ರಿಲ್ ಬರಬೇಕಾಯಿತು. ಕೊಡಗಿನ ತೋಟಗಾರರಿಗೆ ಅದೂ ಬೇಗವೆನಿಸಿತು. ಆ ವರ್ಷವೇ ಅಲ್ಲಿಗೆ ಪ್ರತ್ಯೇಕವಾಗಿ ಒಂದು ಕಾರ್ಮಿಕ ಕಾಯ್ದೆ ಬಂದು ಹಳೆಯದನ್ನು ಇನ್ನಷ್ಟು ಕಾಲ ಎಳೆಯಿತು. ದಂಡಸಂಹಿತೆಯಲ್ಲಿದ್ದ ಕರಾರು ಭಂಗದ ಅಪರಾಧಗಳಲ್ಲಿ ಒಂದು ಮಾತ್ರ ಉಳಿಯಿತು: ಎಳೆ ವಯಸ್ಸು, ಕಾಯಿಲೆ, ಮಾನಸಿಕ ಅಸ್ವಸ್ಥತೆಗಳಿಂದ ಅಸಹಾಯಕರಾದವರನ್ನು ನೋಡಿಕೊಳ್ಳುವೆನೆಂದು ಕರಾರು ಮಾಡಿ ಬೇಕೆಂದೇ ಕೈಬಿಡುವುದು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು 357ನೇ ಕಲಮಾಗಿ ಇದೆ. ದಂಡ 200 ರೂಪಾಯಿಯಿಂದ 5,000ಕ್ಕೆ ಏರಿದೆ. ಇದೊಂದು ಇರಲಿ ಎನ್ನುವವನು ನಾನು.

ಬಡವನಿಗೆ ಮ್ಯಾಜಿಸ್ಟ್ರೇಟರ ಕಟಕಟೆ, ವ್ಯಾಪಾರಿಗೆ ಸಿವಿಲ್ ಕೋರ್ಟು ಎಂಬಂತಿದ್ದ ಆ ಕಾಲದಲ್ಲೇ 1872ರ ಸೆಪ್ಟೆಂಬರ್ 1ರಂದು ಭಾರತೀಯ ಕರಾರು ಕಾಯ್ದೆ ಜಾರಿಗೆ ಬಂತು. ಸರ್ಕಾರದ ಕಾನೂನು ಸದಸ್ಯರಾಗಿದ್ದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಅದರ ಕರಡನ್ನು ತಿದ್ದಿ ಪಾಸು ಮಾಡಿಸಿದ್ದರು. ಅದರ 73ನೇ ಕಲಂ ಓದಿದರೆ ಆಲ್ಡರ್ಸನ್ ಅವರ ದನಿ ಕೇಳುತ್ತದೆ. ಉದಾಹರಣೆಯೊಂದರಲ್ಲಿ ಗಿರಣಿಯೂ ಇದೆ, ತಡಮಾಡಿದ ಸಾಗಣೆದಾರನೂ ಇದ್ದಾನೆ. ಆದರೆ ಇಲ್ಲಿ ಗಿರಣಿ ನಿಂತಿದೆ ಎಂದು ಅವನಿಗೆ ಹೇಳಿದ್ದಾರೆ, ಹಾಗಾಗಿ ಆ ದಿನಗಳ ಸಾಮಾನ್ಯ ಲಾಭ ಸಿಗುತ್ತದೆ. ಕೈತಪ್ಪಿದ ಸರ್ಕಾರಿ ಗುತ್ತಿಗೆಯ ಲಾಭ ಮಾತ್ರ ಸಿಗುವುದಿಲ್ಲ. ಅದೇ ಕಲಮಿನ ವಿವರಣೆಯಲ್ಲಿ, ನಷ್ಟ ಅಳೆಯುವಾಗ ಅದನ್ನು ಸರಿಪಡಿಸಿಕೊಳ್ಳಲು ಏನು ದಾರಿ ಇತ್ತು ಎಂಬುದನ್ನೂ ನೋಡಬೇಕೆಂದಿದೆ. ಬೇರೆ ಆಳು ಸಿಗುತ್ತಿದ್ದನೇ ಎಂದು ವಿಜ್ಞಾನೇಶ್ವರ ಕೇಳಿದ್ದು ಇದನ್ನೇ. ಸ್ಟೀಫನ್ ಮಿತಾಕ್ಷರ ನೋಡಿ ಬರೆದರೆಂದು ನಾನು ಹೇಳುತ್ತಿಲ್ಲ. ನ್ಯಾಯ ತೂಗಲು ಕೂತವರು ದೂರದ ಎರಡು ಕಾಲಗಳಲ್ಲಿ ಒಂದೇ ಪ್ರಶ್ನೆಗೆ ಬಂದು ನಿಂತರು, ಅಷ್ಟೇ.

ಈ ಕಲಂ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ 1947ರ ಒಂದು ವ್ಯಾಪಾರ ನೋಡಿ. ಗಜಕ್ಕೆ ಒಂದು ರೂಪಾಯಿಯಂತೆ ಕ್ಯಾನ್ವಾಸ್ ಬಟ್ಟೆಯನ್ನು ಕಾನ್ಪುರದಿಂದ ಕಲ್ಕತ್ತೆಗೆ ರೈಲಿನಲ್ಲಿ ಕಳಿಸುವ ಕರಾರು. ರೈಲ್ವೆ ಬುಕಿಂಗ್ ನಿಂತಿದೆ ಎಂದು ಮಾರುವವರು ಕೈಚೆಲ್ಲಿದರು. ಕೊಂಡವರು ಕಲ್ಕತ್ತೆಯ ದರ ಹಿಡಿದು ನಷ್ಟ ಕೇಳಿದರು. ಮಾರಿದವರು ಕರಾರು ಮುರಿದದ್ದೇನೋ ನಿಜ. ಆದರೆ ಸುಪ್ರೀಂ ಕೋರ್ಟು 1961ರಲ್ಲಿ ಒಂದು ಪೈಸೆಯನ್ನೂ ಕೊಡಿಸಲಿಲ್ಲ: ಕೊಂಡವರು ಕಾನ್ಪುರದಲ್ಲೇ ಬೇರೆ ಬಟ್ಟೆ ಕೊಳ್ಳಬಹುದಿತ್ತು, ಅಲ್ಲಿನ ಆ ದಿನದ ದರ ಏನೆಂದು ಅವರು ಸಾಬೀತು ಮಾಡಲಿಲ್ಲ. ಸತ್ಯ ನಿಮ್ಮ ಕಡೆ ಇದ್ದೂ ಬರಿಗೈಯಲ್ಲಿ ಮನೆಗೆ ಬರಬಹುದು ಎಂದು ವಕೀಲರು ಎಚ್ಚರಿಸುವುದು ಇದಕ್ಕೇ.

ಇನ್ನು ಸಂಚಕಾರದ ವಿಷಯ. ಕರಾರಿನಲ್ಲೇ 'ತಪ್ಪಿದರೆ ಇಷ್ಟು ಹಣ ಮುಟ್ಟುಗೋಲು' ಎಂದು ಬರೆದಿದ್ದರೆ? 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದದ್ದಷ್ಟೇ ಸಿಗುತ್ತದೆ. ದೆಹಲಿಯ ಒಂದು ಬಂಗಲೆಯನ್ನು 1949ರಲ್ಲಿ 1,12,500 ರೂಪಾಯಿಗೆ ಮಾರಲು ಮಾತಾಗಿತ್ತು. ಸಂಚಕಾರ 1,000, ಮೇಲೆ 24,000 ಸಂದಾಯವಾಗಿತ್ತು. ಕೊಳ್ಳುವವರು ಬಾಕಿ ಕೊಡಲಿಲ್ಲ. ಮಾರುವವರು 25,000ವನ್ನೂ ನುಂಗಲು ಹೊರಟರು. 1963ರಲ್ಲಿ ವರದಿಯಾದ ಫತೇಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂಚಕಾರದ 1,000 ಮಾತ್ರ ಇಟ್ಟುಕೊಳ್ಳಲು ಬಿಟ್ಟಿತು. ಬಂಗಲೆಯ ಬೆಲೆ ಇಳಿದಿದೆ ಎಂಬುದಕ್ಕೆ ಪುರಾವೆಯೇ ಇರಲಿಲ್ಲ, ಹಾಗಿದ್ದಮೇಲೆ ನಷ್ಟವೆಲ್ಲಿ? 2015ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವೂ ಇದೇ ಪಾಠ ಕಲಿಯಿತು. ಮುಟ್ಟುಗೋಲು ಹಾಕಿದ 78 ಲಕ್ಷವನ್ನು ಬಡ್ಡಿಸಮೇತ ಹಿಂದಿರುಗಿಸಬೇಕಾಯಿತು, ಏಕೆಂದರೆ ಆ ನಿವೇಶನವನ್ನು ಪ್ರಾಧಿಕಾರ ಆಮೇಲೆ ಮೂರು ಪಟ್ಟಿಗಿಂತ ಹೆಚ್ಚು ಬೆಲೆಗೆ ಮಾರಿತ್ತು.

ಹಣ ಬೇಡ, ಒಪ್ಪಿದ ಜಮೀನೇ ಬೇಕು ಎನ್ನುವವರಿಗೆ ಬೇರೆ ದಾರಿ: ನಿರ್ದಿಷ್ಟ ಪರಿಹಾರ ಕಾಯ್ದೆ. 1877ರಲ್ಲಿ ಬಂತು, 1963ರಲ್ಲಿ ಹೊಸದಾಯಿತು. ಕರಾರನ್ನು ನಡೆಸಿಕೊಡಿಸುವುದು ಬಹುಕಾಲ ಕೋರ್ಟಿನ ವಿವೇಚನೆಗೆ ಬಿಟ್ಟದ್ದಾಗಿತ್ತು. 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕರಾರು ನಡೆಸಿಕೊಡಿಸುವುದನ್ನೇ ಸಾಮಾನ್ಯ ನಿಯಮ ಮಾಡಿತು. ಗುತ್ತಿಗೆದಾರ ಅರ್ಧಕ್ಕೆ ಬಿಟ್ಟುಹೋದರೆ, 30 ದಿನಕ್ಕೆ ಕಡಿಮೆಯಿಲ್ಲದಂತೆ ನೋಟಿಸು ಕೊಟ್ಟು, ಬೇರೆಯವರಿಂದ ಕೆಲಸ ಮುಗಿಸಿ ಆ ಖರ್ಚನ್ನು ಅವನಿಂದ ವಸೂಲು ಮಾಡಲೂ ಈಗ ಅವಕಾಶವಿದೆ. ದಾವೆ ಯಾವುದೇ ಇರಲಿ, ಸಾಮಾನ್ಯವಾಗಿ ಮೂರು ವರ್ಷದೊಳಗೆ ಹೂಡಬೇಕು. ಊರ ಹಿರಿಯರ ರಾಜಿ ಮಾತಿನಲ್ಲಿ ಈ ಮೂರು ವರ್ಷ ಕಳೆದುಕೊಂಡವರು ಎಷ್ಟೋ ಜನ.

ಕೊನೆಯದಾಗಿ ಬೆಂಗಳೂರಿನ ಬೇಗೂರು. ಅಲ್ಲಿನ ವಸತಿ ಸಂಕೀರ್ಣವೊಂದರಲ್ಲಿ 36 ತಿಂಗಳಿಗೆ ಮನೆ ಕೊಡುವ ಕರಾರಿತ್ತು. ಕೈಗೆ ಸಿಗಲು ವರ್ಷಗಟ್ಟಲೆ ತಡವಾಯಿತು. ತಡವಾದರೆ ಚದರಡಿಗೆ ತಿಂಗಳಿಗೆ ಐದು ರೂಪಾಯಿ ಪರಿಹಾರ ಎಂದು ಬಿಲ್ಡರೇ ಬರೆದುಕೊಂಡಿದ್ದರು. ಸಹಿ ಹಾಕಿದ ಮೇಲೆ ಅಷ್ಟೇ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 339 ಜನರ ದೂರನ್ನು ವಜಾ ಮಾಡಿತು. ಅಚ್ಚು ಹಾಕಿದ ನಮೂನೆಗೆ ಸಹಿ ಹಾಕುವವನಿಗೆ ಚೌಕಾಸಿ ಮಾಡುವ ಜಾಗವೆಲ್ಲಿದೆ? 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನೇ ಹಿಡಿದು ಆಯೋಗದ ತೀರ್ಮಾನವನ್ನು ತಳ್ಳಿತು. ಕರಾರು ಏಕಪಕ್ಷೀಯವಾಗಿದ್ದರೆ ಗ್ರಾಹಕ ಕಾನೂನಿನಲ್ಲಿ ಆ ಐದು ರೂಪಾಯಿಯೇ ಗರಿಷ್ಠ ಮಿತಿಯಲ್ಲ ಎಂದು ಹೇಳಿ, ಕಟ್ಟಿದ ಹಣದ ಮೇಲೆ ವರ್ಷಕ್ಕೆ ಶೇಕಡಾ 6ರ ಬಡ್ಡಿಯನ್ನೂ ಸೇರಿಸಿ ಕೊಡಿಸಿತು. ಬಿಲ್ಡರ ಜೊತೆ ಮೊದಲೇ ರಾಜಿ ಪತ್ರಕ್ಕೆ ಸಹಿ ಹಾಕಿದವರಿಗೂ ಮನೆಯನ್ನು ಬೇರೆಯವರಿಗೆ ಮಾರಿಬಿಟ್ಟವರಿಗೂ ಆ ಬಡ್ಡಿ ಸಿಗಲಿಲ್ಲ.