ಗೊರಕೆ: ಅದರ ಕಾರಣವೂ ಪರಿಹಾರವೂ

ತಾನು ಮಾಡುವ ಸದ್ದು ಮನೆಗೆಲ್ಲ ಕೇಳಿಸಿ ತನಗೆ ಮಾತ್ರ ಕೇಳಿಸದಿರುವ ವಿಚಿತ್ರವನ್ನು ಗೊರಕೆಯಲ್ಲಿ ಕಾಣುತ್ತೇವೆ. ಉಳಿದವರೆಲ್ಲರೂ ಹಾಸಿಗೆಯಲ್ಲಿ ಹೊರಳಾಡುತ್ತಿರುವಾಗ, ಅದಕ್ಕೆ ಕಾರಣರಾದವರು ಮಾತ್ರ ನಿದ್ರಿಸುತ್ತಿರುತ್ತಾರೆ. ಬೆಳಗ್ಗೆ ಯಾರಾದರೂ ದೂರು ಹೇಳಿದರೆ, ತಮಗೆ ರಾತ್ರಿಯೆಲ್ಲ ಕಣ್ಣೇ ಮುಚ್ಚಲಿಲ್ಲವೆಂದು ವಾದಕ್ಕೆ ನಿಲ್ಲುವುದೂ ಉಂಟು. ಮದುವೆಯ ಮನೆಯ ಪಡಸಾಲೆಯಲ್ಲಿ ಸಾಲಾಗಿ ಹಾಸಿಗೆ ಹಾಸಿದ ರಾತ್ರಿ ಇಂಥವರ ಪಕ್ಕದ ಜಾಗವು ಕೊನೆಯವರೆಗೂ ಖಾಲಿಯಾಗಿಯೇ ಉಳಿಯುವುದು. ಕುಂಭಕರ್ಣನ ಹೆಸರು ಹೇಳಿ ನಕ್ಕು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಗೊರಕೆ ಬಂದರೆ ಗಾಢನಿದ್ರೆ ಬಂದಿತೆಂದು ಸಂತೋಷಪಡುವವರೂ ಕಡಮೆಯಿಲ್ಲ. ಈ ಎರಡು ಭಾವನೆಗಳನ್ನೂ ಸ್ವಲ್ಪ ಬದಿಗಿಟ್ಟು, ಗೊರಕೆಯು ಏತರಿಂದ ಹುಟ್ಟುತ್ತದೆ, ಅದಕ್ಕೆ ಚಿಕಿತ್ಸೆಯನ್ನು ಆರಿಸಿಕೊಳ್ಳುವ ಕ್ರಮವೇನು ಎಂಬುದನ್ನು ಶ್ರೋತೃಗಳೊಡನೆ ವಿಚಾರಮಾಡಬೇಕೆಂಬುದು ನಮ್ಮ ಉದ್ದೇಶ. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ತಿಳಿದವರು ಕಂಡುಕೊಂಡುದನ್ನು ತಿಳಿಯಾಗಿ ಹೇಳುವುದಷ್ಟೇ ನಮ್ಮ ಕೆಲಸ.

ಮೂಗಿನ ದಾರಿಗೆ ಎಲುಬಿನ ಗೋಡೆಯುಂಟು. ಕೊರಳಿನ ಕೆಳಗಿನ ಶ್ವಾಸನಾಳಕ್ಕೆ ಮೆಲ್ಲೆಲುಬಿನ ಉಂಗುರಗಳುಂಟು. ಇವೆರಡರ ನಡುವೆ, ಅಂಗುಳಿನ ಹಿಂದಿನಿಂದ ನಾಲಗೆಯ ಬುಡದವರೆಗಿರುವ ಗಂಟಲಿನ ಭಾಗಕ್ಕೆ ಅಂಥ ಗಟ್ಟಿಯಾದ ಆಧಾರವಿಲ್ಲ. ಮಾತನಾಡುವುದಕ್ಕೂ ನುಂಗುವುದಕ್ಕೂ ಅದು ಬಳುಕುವಂತಿರಬೇಕಷ್ಟೆ. ಎಚ್ಚರದಲ್ಲಿ ಅಲ್ಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆ ಹತ್ತಿದೊಡನೆ ಸಡಿಲುತ್ತವೆ, ದಾರಿ ಕಿರಿದಾಗುತ್ತದೆ. ಪರಂಗಿ ಎಲೆಯ ದಂಟನ್ನು ಕೊಳವೆ ಮಾಡಿಕೊಂಡು ನೀರು ಹೀರುವ ಹಳ್ಳಿಯ ಹುಡುಗರನ್ನು ನೋಡಿರಬಹುದು. ದಂಟು ಗಟ್ಟಿಯಾದುದರಿಂದ ಎಷ್ಟು ಹೀರಿದರೂ ಮುದುರುವುದಿಲ್ಲ. ಅದರ ಬದಲು ನೆನೆದು ಮೆತ್ತಗಾದ ಕಾಗದದ ಕೊಳವೆಯಾದರೆ, ಬಲವಾಗಿ ಹೀರಿದಷ್ಟೂ ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಲಗಿದವರ ಗಂಟಲಿನಲ್ಲಿ ನಡೆಯುವುದೂ ಇದೇ. ಕಿರಿದಾದ ದಾರಿಯಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಮೃದುವಾದ ಅಂಗುಳು, ಕಿರುನಾಲಗೆ, ಗಂಟಲಿನ ಪಕ್ಕಗಳು ಗಾಳಿಗೆ ಸಿಕ್ಕ ಬಟ್ಟೆಯಂತೆ ಪಟಪಟನೆ ಅದುರುತ್ತವೆ. ಆ ಅದುರುವಿಕೆಯ ಧ್ವನಿಯೇ ಗೊರಕೆ.

ಹೀಗಿರುವಾಗ, ಆ ದಾರಿಯನ್ನು ಕಿರಿದು ಮಾಡುವ ಪ್ರತಿಯೊಂದೂ ಗೊರಕೆಗೆ ಕಾರಣವಾಗಬಲ್ಲುದು. ಅಂಗಾತ ಮಲಗಿದರೆ ನಾಲಗೆಯು ತನ್ನ ಭಾರದಿಂದಲೇ ಹಿಂದಕ್ಕೆ ಜಾರುತ್ತದೆ. ಮೈ ಬೆಳೆದವರಲ್ಲಿ ಕೊರಳಿನ ಸುತ್ತಲೂ ನಾಲಗೆಯೊಳಗೂ ಕೊಬ್ಬು ಸೇರಿ ದಾರಿಯನ್ನು ಒತ್ತುತ್ತದೆ. ಮದ್ಯವೂ ಕೆಲವು ನಿದ್ರೆಯ ಮಾತ್ರೆಗಳೂ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ. ಹೊಗೆಸೊಪ್ಪಿನ ಹೊಗೆಯು ಗಂಟಲಿನ ಒಳಪೊರೆಯನ್ನು ಊದಿಸುತ್ತದೆ. ನೆಗಡಿಯಿಂದಲೋ, ಮೂಗಿನ ನಡುಗೋಡೆ ಓರೆಯಾಗಿರುವುದರಿಂದಲೋ ಮೂಗು ಕಟ್ಟಿದ್ದರೆ ಉಸಿರನ್ನು ಬಲವಾಗಿ ಎಳೆಯಬೇಕಾಗಿ, ಮೇಲೆ ಹೇಳಿದ ಕಾಗದದ ಕೊಳವೆಯ ಪಾಡು ಒದಗುತ್ತದೆ. ಕೆಳದವಡೆ ಚಿಕ್ಕದಾಗಿ ಹಿಂದೆ ಸರಿದಿರುವ ತೆಳುಮೈಯವರೂ ಗೊರಕೆ ಹೊಡೆಯುವುದುಂಟು. ಆದುದರಿಂದ ಇದು ದಪ್ಪನೆಯವರ ಸೊತ್ತೆಂದು ತಿಳಿಯಬಾರದು. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಗೊರಕೆ ಹೆಚ್ಚುವುದುಂಟು. ಮಕ್ಕಳಲ್ಲಿಯಾದರೋ ಸಾಮಾನ್ಯವಾಗಿ ಊದಿದ ಟಾನ್ಸಿಲ್‌ಗಳೂ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳೂ ಕಾರಣ. ದಿನವೂ ಗೊರಕೆ ಹೊಡೆದು, ಬಾಯಿ ತೆರೆದು ಉಸಿರಾಡಿ, ಹಗಲಲ್ಲಿ ಪಾಠದ ಮೇಲೆ ಮನಸ್ಸಿಡಲಾರದ ಮಗುವನ್ನು ಮಂದಬುದ್ಧಿಯೆಂದು ಗದರಿಸುವುದಕ್ಕೆ ಮೊದಲು ವೈದ್ಯರಿಗೆ ತೋರಿಸುವುದು ತಾಯಿತಂದೆಗಳ ಧರ್ಮ.

ಇಷ್ಟೇ ಆಗಿದ್ದರೆ ಗೊರಕೆಯು ನೆರೆಯವರ ಕಿವಿಗೆ ಮಾತ್ರ ಸಂಬಂಧಿಸಿದ ಉಪದ್ರವವಾಗಿರುತ್ತಿತ್ತು. ಆದರೆ ಕೆಲವರಲ್ಲಿ ದಾರಿಯು ಕಿರಿದಾಗುವುದಷ್ಟೇ ಅಲ್ಲದೆ ಮುಚ್ಚಿಯೇಹೋಗುತ್ತದೆ. ಆಗ ಸದ್ದು ಹಠಾತ್ತನೆ ನಿಲ್ಲುತ್ತದೆ. ಎದೆ ಏರಿಳಿಯುತ್ತಲೇ ಇರುತ್ತದೆ. ಗಾಳಿ ಮಾತ್ರ ಒಳಕ್ಕೆ ಹೋಗದು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಹೀಗಿದ್ದು, ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಗಾಬರಿಯಿಂದ ಕ್ಷಣಮಾತ್ರ ಎಚ್ಚತ್ತು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಏದುಸಿರಿನೊಂದಿಗೆ ಗೊರಕೆ ಮತ್ತೆ ಮೊದಲಾಗುತ್ತದೆ. ಮಲಗಿದವರಿಗೆ ಇದೊಂದೂ ನೆನಪಿರುವುದಿಲ್ಲ. ಇದಕ್ಕೆ ನಿದ್ರೆಯ ಉಸಿರುಕಟ್ಟು ಎನ್ನಬಹುದು. ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ರಾತ್ರಿಯೆಲ್ಲ ಹೀಗೆ ನಡೆದರೆ, ಎಂಟು ಗಂಟೆ ಮಲಗಿದ್ದರೂ ವಿಶ್ರಾಂತಿಯಿಲ್ಲ. ಬೆಳಗ್ಗೆ ತಲೆನೋವು, ಬಾಯಿ ಒಣಗುವುದು, ಹಗಲೆಲ್ಲ ತೂಕಡಿಕೆ, ಮರೆವು, ಸಿಡುಕು ಇವು ಅದರ ಫಲ. ರಕ್ತದೊತ್ತಡ ಏರುವುದಕ್ಕೂ ಇದಕ್ಕೂ ನಿಕಟವಾದ ಸಂಬಂಧವಿದೆ. ಲಾರಿಯ ಚಕ್ರ ಹಿಡಿದವನು ಒಂದು ನಿಮಿಷ ತೂಕಡಿಸಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ನಮ್ಮ ಸೋದರಮಾವನವರ ಗೊರಕೆಯು ಬಂಧುವರ್ಗದಲ್ಲೆಲ್ಲ ಹೆಸರಾಗಿತ್ತು. ಅವರನ್ನು ಕೇಳಿದರೆ ತಮ್ಮಷ್ಟು ಸುಖವಾಗಿ ನಿದ್ರಿಸುವವರಿಲ್ಲವೆನ್ನುತ್ತಿದ್ದರು. ಆದರೂ ಊಟದ ಎಲೆಯ ಮುಂದೆ ತೂಕಡಿಸುತ್ತಿದ್ದರು. ಒಮ್ಮೆ ಅತ್ತೆಯವರನ್ನು, ಆ ಸದ್ದಿನಲ್ಲಿ ನಿಮಗೆ ನಿದ್ರೆ ಹೇಗೆ ಬರುತ್ತದೆ ಎಂದು ನಾವು ಕೇಳಿದೆವು. "ಸದ್ದಿರೋವಾಗ ನನಗೇನೂ ಭಯವಿಲ್ಲಪ್ಪ, ಅದು ನಿಂತಾಗಲೇ ಎದ್ದು ಕೂತುಬಿಡ್ತೀನಿ" ಎಂದರು. ಮುಂದೆ ವೈದ್ಯರು ರೋಗವನ್ನು ಗುರುತಿಸಿದುದು ಮಾವನವರ ಮಾತಿನಿಂದಲ್ಲ, ಅತ್ತೆಯವರ ಈ ಮಾತಿನಿಂದ. ಗೊರಕೆಯ ವಿಚಾರದಲ್ಲಿ ಮೊದಲನೆಯ ಸಾಕ್ಷಿ ಪಕ್ಕದಲ್ಲಿ ಮಲಗುವವರು. ಅವರು ಕಿವಿಗೊಡಬೇಕಾದದ್ದು ಸದ್ದು ಎಷ್ಟು ದೊಡ್ಡದೆಂಬುದಕ್ಕಿಂತ ಹೆಚ್ಚಾಗಿ, ನಡುವೆ ಮೌನ ಬೀಳುತ್ತದೆಯೇ ಎಂಬುದಕ್ಕೆ.

ಈ ತಿಳಿವಳಿಕೆ ವಿದ್ವಾಂಸರಿಗೂ ತಡವಾಗಿ ಬಂದಿತು. ಡಿಕನ್ಸ್ ಮಹಾಶಯನು ೧೮೩೬-೩೭ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್' ಎಂಬ ಕಾದಂಬರಿಯಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನೊಬ್ಬನಿದ್ದಾನೆ. ನಿಂತಲ್ಲಿ ಕುಳಿತಲ್ಲಿ ನಿದ್ರಿಸಿ ಗೊರಕೆ ಹೊಡೆಯುವ ಅವನನ್ನು ನೋಡಿ ಓದುಗರು ನಕ್ಕರು. ೧೯೫೬ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಅವರ ಸಂಗಡಿಗರು, ಇಸ್ಪೀಟಿನಾಟದಲ್ಲಿ ಕೈಯಲ್ಲಿ ಒಳ್ಳೆಯ ಎಲೆಗಳಿದ್ದರೂ ನಿದ್ರೆಹೋಗಿ ಪಣ ಕಟ್ಟಲಾರದೆಹೋದ ಒಬ್ಬ ಸ್ಥೂಲಕಾಯನ ವೃತ್ತಾಂತವನ್ನು ಪ್ರಕಟಿಸಿ, ಅವನ ರೋಗಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ಆಗಲೂ ಅವರು ನೋಡಿದುದು ರೋಗಿಯ ಹಗಲನ್ನು. ೧೯೬೫ರಲ್ಲಿ ಫ್ರಾನ್ಸಿನ ಗಾಸ್ತೋ ಎಂಬವರೂ, ಜರ್ಮನಿಯ ಯುಂಗ್ ಮತ್ತು ಕೂಲೊ ಎಂಬವರೂ ಬೇರೆ ಬೇರೆಯಾಗಿ ಇಂಥ ರೋಗಿಗಳ ಉಸಿರನ್ನು ರಾತ್ರಿಯ ನಿದ್ರೆಯಲ್ಲಿ ದಾಖಲೆ ಮಾಡಿದಾಗ, ಅದು ಮತ್ತೆ ಮತ್ತೆ ನಿಲ್ಲುತ್ತಿದ್ದುದು ಸ್ಪಷ್ಟವಾಯಿತು. ನೂರಿಪ್ಪತ್ತೆಂಟು ವರ್ಷ ನಗೆಯ ವಸ್ತುವಾಗಿದ್ದುದರ ಮರ್ಮ ಆಗ ತಿಳಿಯಿತು.

ಈಗ ಚಿಕಿತ್ಸೆಯ ಮಾತಿಗೆ ಬರೋಣ. ಮೊದಲು ಮಾಡಬೇಕಾದುದು ಯಾವ ಬಗೆಯ ಗೊರಕೆಯೆಂಬ ನಿರ್ಣಯ. ದಿನವೂ ಗಟ್ಟಿಯಾದ ಗೊರಕೆ, ಹಗಲಿನ ಆಯಾಸ, ಇತರರು ಕಂಡ ಉಸಿರುಕಟ್ಟು, ರಕ್ತದೊತ್ತಡ, ಸ್ಥೂಲತೆ, ಐವತ್ತು ದಾಟಿದ ವಯಸ್ಸು, ದಪ್ಪನಾದ ಕುತ್ತಿಗೆ, ಪುರುಷನಾಗಿರುವುದು ಇವುಗಳಲ್ಲಿ ಮೂರಾದರೂ ಕೂಡಿದಲ್ಲಿ ಉಸಿರುಕಟ್ಟಿನ ಶಂಕೆಗೆ ಎಡೆಯುಂಟು. ಅಂಥವರಿಗೆ ಒಂದು ರಾತ್ರಿಯ ನಿದ್ರಾಪರೀಕ್ಷೆ ಮಾಡಿಸುತ್ತಾರೆ. ತಲೆಗೂ ಎದೆಗೂ ಬೆರಳಿಗೂ ಸಣ್ಣ ತಂತಿಗಳನ್ನು ಅಂಟಿಸಿ, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತೆಂಬುದನ್ನು ಎಣಿಸುತ್ತಾರೆ. ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಸರಳವಾದ ಪರೀಕ್ಷೆಯೂ ಇದೆ. ವಯಸ್ಕರಲ್ಲಿ ಗಂಟೆಗೆ ೫ಕ್ಕೆ ಕಡಮೆಯಾದರೆ ಚಿಂತೆಯಿಲ್ಲ; ೫ರಿಂದ ೧೫ರವರೆಗೆ ಸೌಮ್ಯ, ೧೫ರಿಂದ ೩೦ರವರೆಗೆ ಮಧ್ಯಮ, ೩೦ ದಾಟಿದರೆ ತೀವ್ರ.

ಉಸಿರುಕಟ್ಟಿಲ್ಲದ ಬರಿಯ ಗೊರಕೆಗೆ ಖರ್ಚಿಲ್ಲದ ಉಪಾಯಗಳೇ ಮೊದಲು. ಮಗ್ಗುಲಾಗಿ ಮಲಗಬೇಕು, ಅಂಗಾತ ಹೊರಳುವ ಅಭ್ಯಾಸವಿದ್ದರೆ ಅಂಗಿಯ ಬೆನ್ನಿಗೆ ಒಂದು ಚೆಂಡನ್ನು ಹೊಲಿದುಕೊಳ್ಳಬಹುದು. ಮದ್ಯವನ್ನೂ ಹೊಗೆಯನ್ನೂ ಬಿಡಬೇಕು. ನಿದ್ರೆಯ ಮಾತ್ರೆಯ ವಿಚಾರವನ್ನು ಅದನ್ನು ಕೊಟ್ಟ ವೈದ್ಯರೊಡನೆಯೇ ಮಾತನಾಡಬೇಕು. ಕಟ್ಟಿದ ಮೂಗಿಗೆ ಚಿಕಿತ್ಸೆ ಮಾಡಿಸಬೇಕು. ಮೈ ಬೆಳೆದವರು ತೂಕ ಇಳಿಸಬೇಕು. ಇದು ಉಸಿರುಕಟ್ಟಿಗೂ ಒಳ್ಳೆಯದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅನೇಕ ವರ್ಷ ನಡೆಸಿ ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕವು ನೂರಕ್ಕೆ ಹತ್ತರಷ್ಟು ಇಳಿದಲ್ಲಿ ಉಸಿರುಕಟ್ಟಿನ ಎಣಿಕೆ ಸುಮಾರು ಕಾಲುಭಾಗದಷ್ಟು ಇಳಿದುದು ಕಂಡುಬಂದಿತು. ಇವುಗಳಿಂದ ಸಾಲದಾದರೆ, ಮಲಗುವಾಗ ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿದಿಡುವ ಹಲ್ಲಿನ ಅಚ್ಚನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಅದು ಸೌಮ್ಯ ಮತ್ತು ಮಧ್ಯಮ ಉಸಿರುಕಟ್ಟಿಗೂ ಉಪಯುಕ್ತ.

ಮಧ್ಯಮ ಮತ್ತು ತೀವ್ರವಾದ ಉಸಿರುಕಟ್ಟಿಗೆ ಅತ್ಯಂತ ಫಲಕಾರಿಯಾದುದು ಸಿಪ್ಯಾಪ್ ಎಂಬ ಯಂತ್ರ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬವರು ಐವರು ರೋಗಿಗಳಲ್ಲಿ ಪ್ರಯೋಗಿಸಿ ೧೯೮೧ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮೂಗಿನ ಮೇಲಿನ ಮುಸುಕಿನ ಮೂಲಕ ಅದು ಸಾಧಾರಣವಾದ ಗಾಳಿಯನ್ನೇ ಸ್ವಲ್ಪ ಒತ್ತಡದಿಂದ ಊದುತ್ತ, ಗಂಟಲಿನ ಗೋಡೆಗಳು ಕೂಡಿಕೊಳ್ಳದಂತೆ ತಡೆಯುತ್ತದೆ. ಮುಸುಕು ಹಾಕಿಕೊಂಡು ಮಲಗುವುದು ಮೊದಮೊದಲು ಕಷ್ಟ; ಧರಿಸಿದ ರಾತ್ರಿ ಮಾತ್ರ ಅದರ ಗುಣ. ಇದರ ವಿಷಯದಲ್ಲಿ ಅತಿಯಾದ ಆಶ್ವಾಸನೆಯೂ ಸಲ್ಲದು. ಹೃದಯದ ಅಥವಾ ಮಿದುಳಿನ ರಕ್ತನಾಳದ ರೋಗವಿದ್ದ ೨,೭೧೭ ಮಂದಿಯನ್ನು ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರದಿಂದ ಗೊರಕೆಯೂ ಹಗಲಿನ ತೂಕಡಿಕೆಯೂ ಕಡಮೆಯಾದುವು. ಆದರೆ ಹೃದಯಾಘಾತಾದಿಗಳು ಕಡಮೆಯಾದುದು ಕಾಣಲಿಲ್ಲ. ಆ ಮಂದಿ ಅದನ್ನು ರಾತ್ರಿಗೆ ಸರಾಸರಿ ಮೂರು ಮೂರೂವರೆ ಗಂಟೆಯಷ್ಟೇ ಧರಿಸಿದ್ದರೆಂಬುದನ್ನೂ ಗಮನಿಸಬೇಕು. ಸ್ಥೂಲಕಾಯದವರ ಮಧ್ಯಮ ಮತ್ತು ತೀವ್ರ ಉಸಿರುಕಟ್ಟಿಗೆ ಟಿರ್ಜೆಪಟೈಡ್ ಎಂಬ ತೂಕವಿಳಿಸುವ ಚುಚ್ಚುಮದ್ದನ್ನು ಅಮೆರಿಕದ ಸರ್ಕಾರ ೨೦೨೪ರ ಡಿಸೆಂಬರಿನಲ್ಲಿ ಒಪ್ಪಿತು. ಅದು ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ಮದ್ದು.

ಶಸ್ತ್ರಚಿಕಿತ್ಸೆಯು ಮಕ್ಕಳ ಟಾನ್ಸಿಲ್‌ಗಳ ವಿಷಯದಲ್ಲಿ ಬಹಳಮಟ್ಟಿಗೆ ಸಫಲ. ದೊಡ್ಡವರಲ್ಲಿ ಅಂಗುಳನ್ನು ಕತ್ತರಿಸಿ ಬಿಗಿಮಾಡುವ ಕ್ರಮವುಂಟು. ಅದರಿಂದ ಗುಣ ಹೊಂದುವವರೂ ಉಂಟು, ಹೊಂದದವರೂ ಉಂಟು. ಅಡಚಣೆಯು ನಾಲಗೆಯ ಬುಡದಲ್ಲಿದ್ದು ಅಂಗುಳನ್ನು ಮಾತ್ರ ಕತ್ತರಿಸಿದರೆ, ಸದ್ದು ಅಡಗಿ ಉಸಿರುಕಟ್ಟು ಹಾಗೆಯೇ ಉಳಿಯಬಹುದು. ಮನೆಗೆ ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ ಇದು. ಅಂಗಡಿಯಲ್ಲಿ ಮಾರುವ ಉಂಗುರ, ಎಣ್ಣೆ, ಗದ್ದದ ಪಟ್ಟಿಗಳಿಗೂ ಇದೇ ಮಾತು ಸಲ್ಲುತ್ತದೆ. ಮೂಗು ಕಟ್ಟಿರುವವರು ಬಾಯಿಗೆ ಪಟ್ಟಿ ಅಂಟಿಸಿಕೊಂಡು ಮಲಗುವುದಂತೂ ಅಪಾಯಕರ.

ಆದುದರಿಂದ ಶ್ರೋತೃಗಳಲ್ಲಿ ನಮ್ಮ ಅರಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಗೊರಕೆ ಹೊಡೆಯುವವರಿದ್ದರೆ, ನಗುವಷ್ಟು ನಕ್ಕು, ಒಂದೆರಡು ರಾತ್ರಿ ಗಡಿಯಾರವನ್ನು ಪಕ್ಕದಲ್ಲಿಟ್ಟುಕೊಂಡು ಆಲಿಸಿರಿ. ಸದ್ದು ಒಂದೇ ಸಮನಾಗಿದ್ದು, ಅವರು ಹಗಲಲ್ಲಿ ಲವಲವಿಕೆಯಿಂದಿದ್ದರೆ, ಮಗ್ಗುಲಿಗೆ ಹೊರಳಿಸಿ ನೀವೂ ನಿದ್ರಿಸಬಹುದು. ನಡುನಡುವೆ ಉಸಿರು ನಿಂತು ಮತ್ತೆ ಏದುತ್ತ ಮೊದಲಾಗುವುದಾದರೆ, ಎಷ್ಟು ಹೊತ್ತು ನಿಂತಿತೆಂಬುದನ್ನು ಬರೆದಿಟ್ಟುಕೊಂಡು ಅವರೊಡನೆ ನೀವೂ ವೈದ್ಯರಲ್ಲಿಗೆ ಹೋಗಿರಿ. ಅವರು ಹೇಳಲಾರದುದನ್ನು ಅಲ್ಲಿ ನೀವೇ ಹೇಳಬೇಕಾಗುತ್ತದೆ.